ಮದ್ದೂರಿನಲ್ಲಿ ತಪ್ಪಿದ ಬಸ್ಸು

ಒಳಗಿನವರು ಮತ್ತೆ ನಕ್ಕರು.

ಸಮುದಾಯ ಭವನದ ಕಿಟಕಿಯ ಕೆಳಗೆ ದಾಸವಾಳದ ಗಿಡಕ್ಕೆ ಒತ್ತಿಕೊಂಡು ನಿಂತಿದ್ದ ವೆಂಕಟೇಶಮೂರ್ತಿಗಳು ಕೊಡೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಂಡರು. ಯಾರಾದರೂ ಕೇಳಿದರೆ ಪೂಜೆಗೆ ಹೂವು ಬಿಡಿಸುತ್ತಿದ್ದೇನೆ ಎಂದು ಹೇಳುವುದೆಂದು ಮನೆಯಿಂದ ಹೊರಡುವಾಗಲೇ ನಿಶ್ಚಯಿಸಿಕೊಂಡಿದ್ದರು. ಸಂಜೆ ಹೊತ್ತು ಯಾರು ಹೂವು ಬಿಡಿಸುತ್ತಾರೆ ಎಂದು ಮರುಪ್ರಶ್ನೆ ಬಂದರೆ ಅದಕ್ಕೂ ಒಂದು ಉತ್ತರ ತಯಾರಿತ್ತು. ಮೇಷ್ಟ್ರ ಸ್ವಭಾವವೇ ಹಾಗೆ. ಮಾತು ಸಿದ್ಧವಿಲ್ಲದೆ ಅವರು ಹಾಲಿನ ಬೂತಿಗೂ ಹೋದವರಲ್ಲ.

ನಗುವಿನಲ್ಲಿ ಹೆಂಡತಿಯ ನಗು ಯಾವುದು ಎಂದು ಅವರು ಬೇರ್ಪಡಿಸಲು ನೋಡಿದರು. ಗೋದಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುವ ಹೆಂಗಸು. ಇಲ್ಲಿ ಕೇಳುತ್ತಿದ್ದುದೆಲ್ಲ ಬಾಯಿ ಬಿಟ್ಟು ನಗುವ ನಗು. ಅಷ್ಟರಲ್ಲಿ ಒಳಗೆ ಒಮ್ಮೆಲೇ ಸದ್ದಡಗಿತು. ಆ ಮೌನದಲ್ಲಿ ಗೋದಮ್ಮನ ಧ್ವನಿ ಏನನ್ನೋ ಹೇಳತೊಡಗಿತು. ಧ್ವನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಮೇಷ್ಟ್ರು ಗೋಡೆಗೆ ಕಿವಿ ಹಚ್ಚಿದರು. ಆಗಲೂ ತಿಳಿಯಲಿಲ್ಲ. ಯಾರೂ ನಗದೆ ಅಷ್ಟು ಹೊತ್ತು ಕೇಳುವಂಥದ್ದು ಇವಳ ಹತ್ತಿರ ಏನಿದೆ?

ಮನೆಗೆ ಬಂದ ಮೇಲೆ ಗೋದಮ್ಮ ಚಪ್ಪಲಿ ಬಿಡುತ್ತ ಅವರ ಮುಖ ನೋಡಿದರು.

"ನಿಮ್ಮ ಕಿವಿಗೆ ಸುಣ್ಣ ಮೆತ್ತಿದೆ."

"ಹೂವು ಬಿಡಿಸ್ತಿದ್ದೆ," ಎಂದರು ಮೇಷ್ಟ್ರು.

"ಹೂಂ. ಮತ್ತೆ?" ಎಂದು ಗೋದಮ್ಮ ಅಡುಗೆಮನೆಗೆ ಹೋದರು.

ಆ 'ಹೂಂ, ಮತ್ತೆ' ಮೇಷ್ಟ್ರಿಗೆ ಸುಮ್ಮನೆ ಬಂದ ಮಾತು ಅನ್ನಿಸಲಿಲ್ಲ. ಅದು ಮಂಡ್ಯದ ಗುತ್ತಲಿನ ಆ ಸಮುದಾಯ ಭವನದಲ್ಲಿ ಪ್ರತಿ ಭಾನುವಾರ ನಡೆಯುವ ನಾಟಕದ ತರಗತಿಯ ಪಾಠ. ಎದುರಿನವರು ಏನೇ ಹೇಳಲಿ, ಇಲ್ಲ ಅನ್ನಬಾರದು. ಹೂಂ ಅಂದು ಮುಂದಕ್ಕೆ ನಡೆಸಬೇಕು. ಕಲಿಸುವವಳು ಮೈಸೂರಿನಿಂದ ಬರುವ ಪ್ರಿಯಂವದಾ, ಮೂವತ್ತು ದಾಟಿದ ಹುಡುಗಿ, ಕತ್ತರಿಸಿದ ಕೂದಲು, ಕೈಯಲ್ಲಿ ಪುಸ್ತಕವಿಲ್ಲ. ನಾಟಕ ಕಲಿಸುವವರ ಕೈಯಲ್ಲಿ ಪುಸ್ತಕವಿಲ್ಲ ಎಂದರೆ ಮೇಷ್ಟ್ರ ಪಾಲಿಗೆ ಅದು ವೈದ್ಯರು ನಾಡಿ ಹಿಡಿಯದೆ ಔಷಧಿ ಕೊಟ್ಟ ಹಾಗೆ.

ವೆಂಕಟೇಶಮೂರ್ತಿಗಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಆದರೆ ಮಂಡ್ಯದ ಹವ್ಯಾಸಿಗಳಿಗೆ ಅವರು ಪ್ರಾಂಪ್ಟರ್ ಮೇಷ್ಟ್ರು. ರಂಗದ ಪಕ್ಕದ ವಿಂಗಿನ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ಮೊಣಕಾಲ ಮೇಲೆ ಪುಸ್ತಕ ಬಿಡಿಸಿಟ್ಟು, ಮರೆತವರಿಗೆ ಮಾತು ಎತ್ತಿಕೊಡುವುದು ಅವರ ಕೆಲಸ. ಆ ಪಿಸುಮಾತು ರಂಗದ ಮೇಲಿನವನಿಗೆ ಕೇಳಬೇಕು, ಮೊದಲ ಸಾಲಿನವನಿಗೆ ಕೇಳಬಾರದು. ವಕೀಲರು ದುರ್ಯೋಧನನಾಗಿ ಗದೆ ಎತ್ತಿದ್ದು, ಸಕ್ಕರೆ ಕಾರ್ಖಾನೆಯ ಗುಮಾಸ್ತರು ಕರ್ಣನಾಗಿ ಕಣ್ಣೀರಿಟ್ಟದ್ದು, ಎಲ್ಲವೂ ಮೇಷ್ಟ್ರ ಉಸಿರಿನ ಮೇಲೆಯೇ. ಹಾರ ಬೀಳುತ್ತಿದ್ದದ್ದು ಬೇರೆಯವರ ಕೊರಳಿಗೆ. ಅದಕ್ಕೆ ಅವರೇನೂ ಬೇಸರ ಮಾಡಿಕೊಂಡವರಲ್ಲ. ಮಾತು ಯಾರ ಬಾಯಿಂದ ಬಂದರೂ ಅದು ತನ್ನದೇ ಎಂಬ ಗುಟ್ಟಿನ ಹೆಮ್ಮೆ ಅವರಿಗೆ ಸಾಕಾಗಿತ್ತು.

ಹಿರಿಯರೆಂದು ಪ್ರಿಯಂವದಾ ಮೊದಲ ದಿನ ಅವರನ್ನೇ ಕರೆದಿದ್ದಳು. ಎಲ್ಲರನ್ನೂ ಸುತ್ತ ನಿಲ್ಲಿಸಿ, ಅವರ ಕೈಗಳನ್ನು ಬೊಗಸೆ ಮಾಡಿಸಿ ಕೇಳಿದಳು:

"ಸರ್, ನಿಮ್ಮ ಕೈಯಲ್ಲಿ ಏನಿದೆ?"

"ಏನೂ ಇಲ್ಲ."

"ಏನೋ ಇದೆ. ನೋಡಿ, ಮೊದಲು ತೋಚಿದ್ದು ಹೇಳಿಬಿಡಿ."

"ಏನಿದೆ ಅಂತ ನೀವು ಹೇಳಿಕೊಡಿ, ನಾನು ಹೇಳ್ತೀನಿ."

ಸುತ್ತ ನಿಂತವರು ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು. ಪುಸ್ತಕವಿಲ್ಲದ ನಾಟಕ ನಾಟಕವೇ ಅಲ್ಲ ಎಂದು ಹೇಳಿ ಅವರು ಶಲ್ಯ ಕೊಡವಿ ಹೊರಟಾಗ ಗೋದಮ್ಮ ಕಾಫಿ ಫ್ಲಾಸ್ಕು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಹುಡುಗಿ ಬಿಡಬೇಕಲ್ಲ, "ಅಮ್ಮಾ, ನಿಮ್ಮ ಕೈಯಲ್ಲಿ ಏನಿದೆ?" ಎಂದು ಕೇಳಿಯೇಬಿಟ್ಟಳು. ಗೋದಮ್ಮ ಫ್ಲಾಸ್ಕನ್ನು ಒಂದು ಕ್ಷಣ ನೋಡಿ, ಎದೆಗೆ ಒತ್ತಿಕೊಂಡು, "ಕೋಳಿಮರಿ. ಬಿಟ್ಟರೆ ಓಡಿಹೋಗತ್ತೆ," ಎಂದರು.

ಜನ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಅಲ್ಲೇ ಕಂಬವಾದರು. ಈರುಳ್ಳಿಯನ್ನು ಕೂಡ ಹಬ್ಬದ ದಿನ ಒಳಗೆ ಬಿಟ್ಟುಕೊಳ್ಳದ ಹೆಂಗಸಿನ ಬಾಯಿಗೆ ಕೋಳಿಮರಿ ಎಲ್ಲಿಂದ ಬಂತು? ಇಷ್ಟು ವರ್ಷ ಆ ಕೋಳಿಮರಿ ಎಲ್ಲಿತ್ತು? ಅವತ್ತಿನಿಂದ ಗೋದಮ್ಮ ಭಾನುವಾರ ತಪ್ಪಿಸಲಿಲ್ಲ. ಮೇಷ್ಟ್ರ ಅನುಮಾನವೂ ರಜೆ ತೆಗೆದುಕೊಳ್ಳಲಿಲ್ಲ.

ಆ ಅನುಮಾನ ಭಯವಾದದ್ದು ಒಂದು ಫೋನಿನಿಂದ. ಬುಧವಾರ ಬೆಳಿಗ್ಗೆ ಮೇಷ್ಟ್ರು ಪೇಪರು ಓದುತ್ತಿದ್ದಾಗ ಗೋದಮ್ಮ ಮಳವಳ್ಳಿಗೆ ಫೋನ್ ಮಾಡಿದರು. ಅಲ್ಲಿರುವುದು ಅವರ ತಮ್ಮ ಸುಧೀಂದ್ರ, ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿ.

"ಈ ಭಾನುವಾರ ಸಂಜೆ ನಮ್ಮದೊಂದು ಪ್ರದರ್ಶನ ಇದೆ ಕಣೋ. ನೀನು ಬರಬೇಕು... ಇಲ್ಲ, ಏನು ಮಾಡ್ತೀನಿ ಅಂತ ನನಗೇ ಗೊತ್ತಿಲ್ಲ... ಹೂಂ, ಖಂಡಿತ ಬಾ."

ಮೇಷ್ಟ್ರು ಪೇಪರಿನ ಅದೇ ಸಾಲನ್ನು ಮತ್ತೆ ಮತ್ತೆ ಓದಿದರು. ಇವಳಾಗಿ ತಮ್ಮನಿಗೆ ಫೋನು ಮಾಡಿದವಳಲ್ಲ, ಕರೆದವಳಂತೂ ಅಲ್ಲ. ಇವನನ್ನೇ ಯಾಕೆ ಕರೆದಳು? ಅವರಿಗೆ ಉತ್ತರ ಹೊಳೆಯದೆ ಇರಲಿಲ್ಲ. ಹೊಳೆದದ್ದರಿಂದಲೇ ಪೇಪರು ಮಡಿಚಿಟ್ಟರು.

ಮಗ ಕಿಟ್ಟು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದ ಕಾಲದ ಮಾತು. ಒಂದು ಮಧ್ಯಾಹ್ನ ಪಕ್ಕದ ಮನೆಗೆ ಸುಧೀಂದ್ರನ ಫೋನು ಬಂತು. ಹೋಗಿ ಮಾತಾಡಿದವರು ಮೇಷ್ಟ್ರು. ಅಪ್ಪನಿಗೆ ಕಾಯಿಲೆ ತೀರಾ ಜೋರಾಗಿದೆ, ಗೋದಾ ಗೋದಾ ಅಂತ ಕನವರಿಸ್ತಿದ್ದಾರೆ, ಈಗಲೇ ಹೊರಡಿ ಎಂದ. ಈಗಲೇ ಹೊರಟೆವು ಎಂದು ಮೇಷ್ಟ್ರು ಫೋನಿಟ್ಟರು. ಅವತ್ತು ಸಂಜೆ ನಾಟಕ ಸ್ಪರ್ಧೆ. ಪುಸ್ತಕ ಹಿಡಿಯುವವರು ಅವರೊಬ್ಬರೇ, ದುರ್ಯೋಧನನಿಗೆ ಎರಡನೇ ಅಂಕ ಇನ್ನೂ ಬಾಯಿಗೆ ಬಂದಿರಲಿಲ್ಲ. ಒಂದು ಸಂಜೆಯಲ್ಲಿ ಏನಾಗುತ್ತದೆ ಅಂದುಕೊಂಡರು. ಯಾರ ಫೋನು ಎಂದು ಗೋದಮ್ಮ ಕೇಳಿದ್ದಕ್ಕೆ, "ನಿನ್ನ ತಮ್ಮನದು. ಎಲ್ಲ ಚೆನ್ನಾಗಿದ್ದಾರಂತೆ," ಎಂದರು. ಗೋದಮ್ಮ ರೇಷ್ಮೆ ಸೀರೆ ಉಟ್ಟು, ಮೊದಲ ಸಾಲಿನಲ್ಲಿ ಕೂತು ನಾಟಕ ನೋಡಿದರು. ಪರದೆ ಬಿದ್ದ ಮೇಲೆ ಮೇಷ್ಟ್ರು ವಿಷಯ ಹೇಳಿದರು. ಬೆಳಗಿನ ಮೊದಲ ಬಸ್ಸಿಗೆ ಹೊರಟರು. ಅಷ್ಟರಲ್ಲಿ ಮುದುಕರು ಹೋಗಿಬಿಟ್ಟಿದ್ದರು.

ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಮೇಷ್ಟ್ರು ಹೆಂಡತಿಗೆ ಮಾತು ಹೇಳಿಕೊಟ್ಟರು. "ನಿನ್ನೆ ಸಂಜೆಯೇ ಹೊರಟಿದ್ದೆವು, ಮದ್ದೂರಿನಲ್ಲಿ ಕೊನೇ ಬಸ್ಸು ತಪ್ಪಿಹೋಯ್ತು ಅನ್ನು." ಗೋದಮ್ಮ ಹಾಗೆಯೇ ಅಂದರು. ಅವರ ತಾಯಿ ಹೆಣದ ಮುಂದೆ ಕೂತೇ, "ಗಂಡಸು ಪಾಪ ಏನು ಮಾಡ್ತಾನೆ. ಇವಳ ಅಲಂಕಾರ ಮುಗೀಬೇಕಲ್ಲ," ಎಂದರು. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಆ ಹೊತ್ತಿಗೆ ಅವರ ಪಿಸುಮಾತೂ ಹೊರಡಲಿಲ್ಲ.

ತಾಯಿ ತೀರಿಕೊಂಡಾಗ ಆ ಮಾತನ್ನು ತಮ್ಮೊಂದಿಗೇ ಕೊಂಡೊಯ್ದರು. ಸುಧೀಂದ್ರ ಮಾತ್ರ ಅದನ್ನು ಇಟ್ಟುಕೊಂಡ. ಮದುವೆ, ಮುಂಜಿ, ಗೃಹಪ್ರವೇಶ, ಅಕ್ಕ ಎಲ್ಲಿ ಕಂಡರೂ, "ಏನು ಗೋದಕ್ಕ, ಬಸ್ಸು ಸಿಕ್ತಾ?" ಅನ್ನುತ್ತಾನೆ. ನೆರೆದವರು ನಗುತ್ತಾರೆ. ಅವನು ನಗುತ್ತಲೇ ಅನ್ನುತ್ತಾನೆ; ಆದರೆ ಅದರ ಅಡಿಯಲ್ಲಿ ಆರದ ಸಿಟ್ಟಿದೆ ಎಂದು ಎಲ್ಲರಿಗೂ ಗೊತ್ತು. ಗೋದಮ್ಮನೂ ಸೆರಗು ಅಡ್ಡ ಹಿಡಿದು ನಗುತ್ತಾರೆ. ಮೇಷ್ಟ್ರಿಗೆ ಆ ಮನೆಯಲ್ಲಿ ಇಂದಿಗೂ ಮೊದಲ ಎಲೆ. ಗೋದಮ್ಮ ಈ ವಿಷಯ ಒಂದು ದಿನವೂ ಎತ್ತಿರಲಿಲ್ಲ. ಎತ್ತದೆ ಇದ್ದರೆ ಮರೆತಿದ್ದಾಳೆ ಎಂದು ಮೇಷ್ಟ್ರು ತಮಗೆ ಅನುಕೂಲವಾದ ಲೆಕ್ಕ ಹಾಕಿಕೊಂಡಿದ್ದರು. ಕೋಳಿಮರಿಯನ್ನು ಕಂಡ ಮೇಲೆ ಆ ಲೆಕ್ಕದಲ್ಲಿ ಅವರಿಗೆ ನಂಬಿಕೆ ಉಳಿದಿರಲಿಲ್ಲ.

ಶುಕ್ರವಾರ ತರಕಾರಿ ಮಾರ್ಕೆಟ್ಟಿನಲ್ಲಿ ಪಟ್ಟಲಮ್ಮ ಸಿಕ್ಕಿದರು. ದುದ್ದ ಹಳ್ಳಿಯವರು, ಅಂಗನವಾಡಿಯಲ್ಲಿ ದುಡಿದು ಬಿಟ್ಟವರು, ಈಗ ಭಾನುವಾರದ ತರಗತಿಯಲ್ಲಿ ಗೋದಮ್ಮನ ಜೋಡಿ. ಮೇಷ್ಟ್ರು ಬದನೆಕಾಯಿ ಆರಿಸುವ ನೆಪದಲ್ಲಿ ಹತ್ತಿರ ಸರಿದರು.

"ನಮ್ಮವರು ಅಲ್ಲಿ ಏನೇನು ಮಾತಾಡ್ತಾರೆ ಪಟ್ಟಲಮ್ಮ?"

"ಅಯ್ಯೋ, ಬೋ ಚೆನ್ನಾಗ್ ಮಾತಾಡ್ತಾರೆ ಕಣ್ ಮೇಷ್ಟ್ರೇ. ನಾವೆಲ್ಲ ಬಾಯ್ ಬುಟ್ಕಂಡ್ ಕೇಳ್ತೀವಿ."

"ಅದೇ, ಏನು ಅಂತ? ಮನೆ ವಿಷಯವಾ?"

ಪಟ್ಟಲಮ್ಮ ಬದನೆಕಾಯಿ ಕೆಳಗಿಟ್ಟು ಅವರನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಒಳಗಿನ್ ಮಾತು ಒಳಗೇ ಅಂತ ಆ ವುಡುಗಿ ಮೊದ್ಲೇ ಏಳ್ಬುಟ್ಟವ್ಳೆ. ತಿಳ್ಕಬೇಕು ಅಂದ್ರೆ ಒಳೀಕ್ ಬನ್ನಿ. ಕಿಟ್ಕಿ ತಾವ್ ನಿಂತ್ರೆ ಸೊಳ್ಳೆ ಕಚ್ತವೆ."

ಮೇಷ್ಟ್ರು ಬದನೆಕಾಯಿ ಕೊಳ್ಳದೆ ಮನೆಗೆ ಬಂದರು. ಬಂದವರು ಸುಮ್ಮನೆ ಕೂರಲಿಲ್ಲ. ಅತ್ತೆ ಸೊಸೆ ಉಪ್ಪಿಟ್ಟಿನ ಬಗ್ಗೆ ಜಗಳವಾಡುವ ಒಂದು ಪುಟ್ಟ ಪ್ರಹಸನವನ್ನು ದುಂಡಗೆ ಬರೆದು ಗೋದಮ್ಮನ ಮುಂದಿಟ್ಟರು.

"ಭಾನುವಾರ ಇದನ್ನು ಮಾಡಿ. ಜನ ನಗ್ತಾರೆ. ಬಾಯಿಪಾಠಕ್ಕೆ ಇನ್ನೂ ಎರಡು ದಿನ ಇದೆ, ನಾನು ಹೇಳಿಕೊಡ್ತೀನಿ."

"ಅಲ್ಲಿ ಹಾಗೆಲ್ಲ ಇಲ್ಲ. ಎಲ್ಲಿ, ಏನು ಅನ್ನೋದನ್ನ ನೋಡೋಕೆ ಬಂದವರೇ ಕೂಗಿ ಹೇಳ್ತಾರೆ. ನಾವು ಅದನ್ನ ಮಾಡ್ತೀವಿ."

"ಮಾತು ಮರೆತರೆ?"

"ಮರೆಯೋಕೆ ಮಾತೇ ಇರಲ್ಲವಲ್ಲ," ಎಂದು ಗೋದಮ್ಮ ಕಾಗದವನ್ನು ಮಡಿಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು. ಅದರಲ್ಲಿ ಸಿಟ್ಟಿರಲಿಲ್ಲ. ಮೇಜು ಅಲುಗಾಡುತ್ತಿತ್ತು, ಕಾಗದ ಕೈಯಲ್ಲಿತ್ತು, ಅಷ್ಟೆ. ಸಿಟ್ಟಿದ್ದರೇ ವಾಸಿಯಿತ್ತು ಎಂದು ಮೇಷ್ಟ್ರಿಗೆ ಅನ್ನಿಸಿತು.

ಭಾನುವಾರ ಐದು ಗಂಟೆಗೆ ಭವನ ತುಂಬಿತ್ತು. ಪರದೆ ಇಲ್ಲ, ವಿಂಗಿಲ್ಲ, ಮೈಕಿಲ್ಲ. ವೇದಿಕೆಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ. ಸುಧೀಂದ್ರ ಕಾರು ನಿಲ್ಲಿಸಿ ಬಂದು ಭಾವನ ಪಕ್ಕದಲ್ಲೇ, ಮೂರನೇ ಸಾಲಿನಲ್ಲಿ ಕೂತ.

"ಏನು ಭಾವ, ನೀವಿಲ್ಲಿ? ಒಳಗೆ ಪುಸ್ತಕ ಹಿಡೀಬೇಕಲ್ವಾ?"

"ಇದಕ್ಕೆ ಪುಸ್ತಕ ಇಲ್ಲವಂತೆ."

"ಹಾಗಾದ್ರೆ ಗೋದಕ್ಕನ ಗತಿ?" ಎಂದು ಅವನು ನಕ್ಕ. ಮೇಷ್ಟ್ರೂ ನಕ್ಕರು.

ಮೊದಲ ಜೋಡಿ ಸಂತೆಯಲ್ಲಿ ಎಮ್ಮೆ ಮಾರಿತು. ಎರಡನೇ ಜೋಡಿ ಕೆರೆಯಲ್ಲಿ ಬಿದ್ದ ಮೊಬೈಲು ಹುಡುಕಿತು. ಜನ ಹೊಟ್ಟೆ ಹಿಡಿದು ನಗುತ್ತಿದ್ದಾಗ ಮೇಷ್ಟ್ರು ಒಂದೊಂದು ಮಾತನ್ನೂ ತೂಗಿ ನೋಡುತ್ತಿದ್ದರು. ಇದೆಲ್ಲ ಮೊದಲೇ ಕಲಿತದ್ದೇ, ಎಲ್ಲೋ ಒಂದು ಪುಸ್ತಕ ಇದ್ದೇ ಇದೆ, ಈ ಹುಡುಗಿ ಅದನ್ನು ಬಚ್ಚಿಟ್ಟಿದ್ದಾಳೆ ಎಂದು ಅವರ ಗುಮಾನಿ. ಅಷ್ಟರಲ್ಲಿ ಗೋದಮ್ಮ, ಪಟ್ಟಲಮ್ಮ ಬಂದು ಕುರ್ಚಿಗಳಲ್ಲಿ ಕೂತರು. ಪ್ರಿಯಂವದಾ ಜನರ ಕಡೆ ತಿರುಗಿದಳು.

"ಇವರಿಬ್ಬರೂ ಎಲ್ಲಿದ್ದಾರೆ? ಒಂದು ಜಾಗ ಹೇಳಿ."

"ಮದ್ದೂರು ಬಸ್‌ಸ್ಟ್ಯಾಂಡು!" ಎಂದು ಸುಧೀಂದ್ರ ಗಟ್ಟಿಯಾಗಿ ಕೂಗಿ, ಭಾವನ ತೊಡೆಯ ಮೇಲೆ ತಟ್ಟಿ ನಕ್ಕ. ಹಳೆಯ ತಮಾಷೆಗೆ ಇಷ್ಟು ದೊಡ್ಡ ಸಭೆ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಮೇಷ್ಟ್ರು ಗೋದಮ್ಮನ ಮುಖವನ್ನೇ ನೋಡಿದರು. ಅಕ್ಕ ತಮ್ಮ ಕೂಡಿ ಮಾಡಿದ ಸಂಚು ಇದು ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಗೋದಮ್ಮನ ಮುಖ ಬಿಳಿಚಿಕೊಂಡಿತ್ತು. ಇದನ್ನು ಆಕೆ ನಿರೀಕ್ಷಿಸಿರಲಿಲ್ಲ.

ಪಟ್ಟಲಮ್ಮ ಕಾಲಿನ ಹತ್ತಿರ ಇಲ್ಲದ ಚೀಲವನ್ನು ಎಳೆದುಕೊಂಡು ಶುರುಮಾಡಿದರು.

"ಎಲ್ಲಿಗ್ ಓಗ್ಬೇಕವ್ವಾ?"

"ಮಳವಳ್ಳಿಗೆ."

"ನಾನೂವೆ ಅಲ್ಗೇಯ. ನಮ್ ನಾದ್ನಿ ಮಗಳ್ಗೆ ಸೀಮಂತ. ನೀವೇನ್ ಇಸ್ಯಕ್ಕೆ?"

"ನಮ್ಮಪ್ಪನ್ನ ನೋಡೋಕೆ."

"ಉಸಾರಾಗವ್ರಾ?"

ಗೋದಮ್ಮ ಬಾಯಿ ತೆರೆದರು. ಮಾತು ಬರಲಿಲ್ಲ. ಮಡಿಲಿನಲ್ಲಿದ್ದ ಕೈಗಳು ಒಂದನ್ನೊಂದು ಹಿಡಿದುಕೊಂಡವು. ಸಭೆ ಕಾಯಿತು. ಹಿಂದೆ ಎಲ್ಲೋ ಒಬ್ಬರು ಕೆಮ್ಮಿದರು, ಆಮೇಲೆ ಅದೂ ನಿಂತಿತು.

ಈ ಮೌನ ಮೇಷ್ಟ್ರಿಗೆ ಗೊತ್ತು. ಮೂವತ್ತು ವರ್ಷ ವಿಂಗಿನ ಮರೆಯಲ್ಲಿ ಕೂತು ಅವರು ಕಾದದ್ದೇ ಇದಕ್ಕೆ. ನಟನ ಗಂಟಲು ಒಣಗಿ, ಕಣ್ಣು ದಿಕ್ಕು ತಪ್ಪಿದಾಗ ಅವರ ತುಟಿ ತಾನಾಗಿಯೇ ಅಲುಗುತ್ತದೆ. ಅದಕ್ಕೆ ಅವರ ಅಪ್ಪಣೆ ಬೇಕಿಲ್ಲ. ಹೆಂಡತಿ ಅಷ್ಟು ಜನರ ಮುಂದೆ ಹಾಗೆ ಸಿಕ್ಕಿಕೊಂಡು ಕೂತಿದ್ದನ್ನು ಕಂಡು ಅವರಿಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಅನುಮಾನ, ಭಯ ಎಲ್ಲ ಆ ಗಳಿಗೆಯಲ್ಲಿ ಮರೆತೇಹೋಯಿತು. ಅವರು ಮುಂದೆ ಬಾಗಿ ಎತ್ತಿಕೊಟ್ಟರು.

"ಬಸ್ಸು ತಪ್ಪಿಹೋಯ್ತು."

ಪಿಸುಮಾತೇ. ಆದರೆ ತಡೆಯುವುದಕ್ಕೆ ಪರದೆ ಇರಲಿಲ್ಲ, ಸಭೆಯಲ್ಲಿ ಉಸಿರಾಟದ ಸದ್ದೂ ಇರಲಿಲ್ಲ. ಕೊನೆಯ ಸಾಲಿನವರಿಗೂ ಕೇಳಿಸಿತು. ಸುಧೀಂದ್ರ ತಟ್ಟನೆ ತಿರುಗಿ ಭಾವನನ್ನು ನೋಡಿದ. ಅವನ ಮುಖದಲ್ಲಿ ನಗು ಇನ್ನೂ ಅಂಟಿಕೊಂಡೇ ಇತ್ತು, ಕಣ್ಣಿನಲ್ಲಿ ಮಾತ್ರ ಇರಲಿಲ್ಲ.

ಗೋದಮ್ಮ ಮೂರನೇ ಸಾಲಿನ ಕಡೆ ನೋಡಲಿಲ್ಲ. ಪಟ್ಟಲಮ್ಮನ ಕಡೆ ತಿರುಗಿ ಕೂತರು.

"ಬಸ್ಸು ತಪ್ಪಿಲ್ಲ," ಎಂದರು. "ಅಗೋ, ಅಲ್ಲೇ ನಿಂತಿದೆ. ಕಂಡಕ್ಟರು ಮಳವಳ್ಳಿ ಮಳವಳ್ಳಿ ಅಂತ ಆವಾಗಿಂದ ಕೂಗ್ತಾನೇ ಇದ್ದಾನೆ."

"ಊಂ, ನಂಗೂ ಕೇಳ್ತಾ ಅದೆ. ಮತ್ಯಾಕವ್ವ ಕುಂತಿದ್ದೀಯೆ?"

"ನನಗಿನ್ನೂ ಗೊತ್ತಿಲ್ಲ. ಅಪ್ಪನಿಗೆ ಹೀಗಾಗಿದೆ ಅಂತ ನಮ್ಮ ಮನೆಯವರು ಹೇಳಿಲ್ಲ. ಎಲ್ಲ ಚೆನ್ನಾಗಿದ್ದಾರಂತೆ ಅಂದ್ರು. ನಾಟಕ ಮುಗಿದ ಮೇಲೆ ಹೇಳ್ತಾರೆ."

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಅಲ್ಲೀಗಂಟ ಏನ್ ಮಾಡೀಯವ್ವ?"

"ಮುಂದಿನ ಸಾಲಿನಲ್ಲಿ ಕೂತಿರ್ತೀನಿ. ರೇಷ್ಮೆ ಸೀರೆ ಉಟ್ಟಿದೀನಿ. ಎಲ್ಲರೂ ಚಪ್ಪಾಳೆ ತಟ್ಟೋವಾಗ ನಾನೂ ತಟ್ತೀನಿ."

ಪಟ್ಟಲಮ್ಮ ಇಲ್ಲದ ಚೀಲವನ್ನು ಬದಿಗೆ ಸರಿಸಿದರು. ಆಮೇಲೆ ಎದ್ದು ಗೋದಮ್ಮನ ಕೈ ಹಿಡಿದರು. "ಏಳವ್ವ. ನಾಟ್ಕ ಇನ್ನೊಂದಿಸ ಆದೀತು. ನಿಮ್ಮಪ್ಪ ಕಾಯ್ತಾ ಕುಂತವ್ರೆ, ಓಗು."

ಗೋದಮ್ಮ ಎದ್ದರು. ನೆರಿಗೆಯನ್ನು ಒಂದಿಷ್ಟು ಮೇಲೆತ್ತಿ, ಇಲ್ಲದ ಕಂಬಿಯನ್ನು ಹಿಡಿದು, ಇಲ್ಲದ ಮೆಟ್ಟಿಲನ್ನು ಹತ್ತಿ ನಿಂತರು. ಬಸ್ಸು ಹೊರಟಂತೆ ಅವರ ಮೈ ಒಂದಿಷ್ಟು ಹಿಂದಕ್ಕೆ ವಾಲಿ ಸರಿಹೋಯಿತು.

"ಮಳವಳ್ಳಿ. ಒಂದು," ಎಂದರು.

ಚಪ್ಪಾಳೆ ಬಹಳ ಹೊತ್ತು ನಡೆಯಿತು. ಮೇಷ್ಟ್ರ ಕೈಗಳು ತೊಡೆಯ ಮೇಲೆಯೇ ಇದ್ದವು. ಪಕ್ಕದ ಕುರ್ಚಿ ಖಾಲಿಯಾದದ್ದು ಅವರಿಗೆ ತಿಳಿಯಲಿಲ್ಲ.

ಅವರು ಹೊರಗೆ ಬಂದಾಗ ಸುಧೀಂದ್ರ ಕಾರಿನ ಹತ್ತಿರ ನಿಂತು ಕನ್ನಡಕ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ಗೋದಮ್ಮ ಎದುರಿಗಿದ್ದರು. ಅವನು ಭಾವನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳಲೆಂದು ಮೇಷ್ಟ್ರು ಮೆಟ್ಟಿಲಿಳಿಯುತ್ತ ಮೂರು ಉತ್ತರ ಹೊಂದಿಸಿಕೊಂಡಿದ್ದರು. ಮೂರೂ ಉಪಯೋಗಕ್ಕೆ ಬರಲಿಲ್ಲ.

"ಅಕ್ಕಾ," ಎಂದ ಸುಧೀಂದ್ರ. ಗೋದಕ್ಕ ಅನ್ನಲಿಲ್ಲ. "ಮನೆಗೆ ಬರ್ತೀಯಾ?"

"ಬರ್ತೀನಿ ನಡಿ."

"ಈಗಲಾ? ಬಟ್ಟೆಬರೆ ಏನೂ ತಂದಿಲ್ಲವಲ್ಲ," ಎಂದರು ಮೇಷ್ಟ್ರು.

"ಅಮ್ಮನ ಸೀರೆ ಇದಾವೆ." ಗೋದಮ್ಮ ಕಾರಿನ ಬಾಗಿಲು ತೆಗೆದು, ಒಂದು ಕಾಲು ಒಳಗಿಟ್ಟು, ನಿಂತರು. "ಕಿಟ್ಟು ಫೋನ್ ಮಾಡಿ ಕೇಳ್ತಾನೆ."

"ಹೌದು. ಅವನಿಗೆ ಏನು ಹೇಳಲಿ?"

ಗೋದಮ್ಮ ಗಂಡನ ಮುಖ ನೋಡಿದರು. ಅದರಲ್ಲಿ ಕೋಪವಿರಲಿಲ್ಲ, ಪಾಠ ಬಾರದ ಹುಡುಗನನ್ನು ನೋಡುವ ಒಂದು ಬಗೆಯ ಮರುಕವಿತ್ತು.

"ನಿಮಗೆ ಏನು ತೋಚತ್ತೋ ಅದು," ಎಂದು ಒಳಗೆ ಕೂತು ಬಾಗಿಲು ಹಾಕಿಕೊಂಡರು.

ಕಾರು ಹೆದ್ದಾರಿಗೆ ಸೇರಿ ಮದ್ದೂರಿನ ಕಡೆ ತಿರುಗಿತು. ಮೇಷ್ಟ್ರು ಭವನದೊಳಕ್ಕೆ ಮರಳಿ ಬಂದರು. ಜನ ಚದುರಿದ್ದರು. ವೇದಿಕೆಯ ಮೇಲೆ ಎರಡು ಕುರ್ಚಿ ಹಾಗೆಯೇ ಇದ್ದವು, ಗೋದಮ್ಮ ಎದ್ದ ಕುರ್ಚಿ ಸ್ವಲ್ಪ ಓರೆಯಾಗಿತ್ತು. ಅವರು ಹತ್ತಿ ಹೋಗಿ ಇನ್ನೊಂದರಲ್ಲಿ ಕೂತರು. ಅಷ್ಟು ವರ್ಷ ನಾಟಕ ಆಡಿಸಿದರೂ ಅವರು ರಂಗದ ನಡುವೆ ಕೂತದ್ದು ಅದೇ ಮೊದಲು.

ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಅಪ್ಪಾ, ಪ್ರೋಗ್ರಾಂ ಮುಗೀತಾ? ಅಮ್ಮ ಎಲ್ಲಿ, ಫೋನ್ ತೆಗೀತಿಲ್ಲ?"

ಮೇಷ್ಟ್ರು ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದರು. ಆಮೇಲೆ ಮರೆಯಿಲ್ಲದ ಬದಿಗೋಡೆಯ ಕಡೆ, ತಾವು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಂಥ ಜಾಗದ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ಅಪ್ಪಾ, ಕೇಳಿಸ್ತಿದೆಯಾ? ಮಾತಾಡಿ."

"ಹೂಂ," ಎಂದರು ಮೇಷ್ಟ್ರು. "ಕೇಳಿಸ್ತಿದೆ, ತಡಿ."